ಮಾಲ್ಡೀವ್ಸ್‌ನಲ್ಲಿ ಒಂದು ರಾತ್ರಿ, ಲಂಕೆಯಲ್ಲಿ 32 ತಿಂಗಳು: ಪರದೇಶದ ಜಗಳಕ್ಕೆ ಸೈನ್ಯ ಕಳಿಸಬೇಕೆ?

ಕಡತಪ್ರಿಯ (ಪ್ರಶ್ನೆ)

ದೊಡ್ಡ ದೇಶಗಳು ಬೇರೆಯವರ ಕದನದಲ್ಲಿ ತಲೆಹಾಕಬೇಕೋ ಬೇಡವೋ ಎಂಬ ಮಾತು ಬಂದಾಗಲೆಲ್ಲ ನಾವು ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಅಂತ ಅಮೆರಿಕದ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುತ್ತೇವೆ. ದಕ್ಷಿಣ ಏಷ್ಯಾದ ಮಟ್ಟಿಗೆ ದೊಡ್ಡಣ್ಣ ನಾವೇ ಅನ್ನುವುದು ನೆನಪಿಗೇ ಬರುವುದಿಲ್ಲ. ಹಾಗಾಗಿ ಇಲ್ಲಿ ನಮ್ಮದೇ ಎರಡು ಪ್ರಕರಣ ಇಡುತ್ತಿದ್ದೇನೆ.

ಒಂದು, ಶ್ರೀಲಂಕಾಕ್ಕೆ ಹೋದ ಐಪಿಕೆಎಫ್, ಅಂದರೆ ಭಾರತೀಯ ಶಾಂತಿಪಾಲನಾ ಪಡೆ. 1987ರ ಜುಲೈ ಕೊನೆಯಿಂದ 1990ರ ಮಾರ್ಚ್ 24ರವರೆಗೆ. ಇನ್ನೊಂದು, 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ಗೆ ಹೋದ 'ಆಪರೇಷನ್ ಕ್ಯಾಕ್ಟಸ್'. ಪ್ರಧಾನಿ ಅದೇ ರಾಜೀವ್ ಗಾಂಧಿ, ಸೇನೆ ಅದೇ, ಕಾಲವೂ ಅದೇ. ಎರಡೂ ಕಡೆ ಅಲ್ಲಿನ ಅಧ್ಯಕ್ಷರೇ ಕರೆದಿದ್ದರು. ಒಂದು ಬೆಳಗಾಗುವುದರೊಳಗೆ ಮುಗಿಯಿತು. ಇನ್ನೊಂದರಲ್ಲಿ 1,100ಕ್ಕೂ ಹೆಚ್ಚು ಸೈನಿಕರು ಸತ್ತರು, ಬರುವಾಗ ಅಲ್ಲಿನ ಸರ್ಕಾರವೂ ತಮಿಳರೂ ಇಬ್ಬರೂ ಹೋಗಿ ಅನ್ನುತ್ತಿದ್ದರು.

ವ್ಯತ್ಯಾಸ ಬಂದದ್ದು ಎಲ್ಲಿ? ಅದೃಷ್ಟವೋ, ಗಾತ್ರವೋ, ಯೋಜನೆಯೋ? ಹೋಗುವ ಮುಂಚೆಯೇ ಗುರುತಿಸಬಹುದಾದ ಲಕ್ಷಣ ಏನಾದರೂ ಇದೆಯೇ? ದಯವಿಟ್ಟು ಸಾಮ್ರಾಜ್ಯಶಾಹಿ, ರಾಷ್ಟ್ರಪ್ರೇಮ ಅಂತ ಭಾಷಣ ಬೇಡ, ವಿವರ ಬೇಕು. 1971 ಕೂಡ ಬೇಡ, ಅದು ಪೂರ್ಣ ಯುದ್ಧ.

---

ನಕ್ಷೆಪೆಟ್ಟಿಗೆ

ಮಾಲ್ಡೀವ್ಸ್ ಭಾಗ ನಾನು ಬರೆಯುತ್ತೇನೆ, ಲಂಕೆಯದು ಇನ್ಯಾರಾದರೂ ಹಿಡಿಯಲಿ.

'ಅದು ಪುಟ್ಟ ದ್ವೀಪ, ಅದಕ್ಕೇ ಸುಲಭವಾಯಿತು' ಅನ್ನುವುದು ಅರ್ಧ ಸತ್ಯ. ಪುಟ್ಟದ್ದು ಅಂದರೆ ತಪ್ಪಿಗೆ ಜಾಗವೇ ಇಲ್ಲ ಅಂತಲೂ ಅರ್ಥ. ರಾಜಧಾನಿ ಮಾಲೆ ಒಂದು ದ್ವೀಪ, ವಿಮಾನ ನಿಲ್ದಾಣ ಪಕ್ಕದ ಹುಲುಲೆ ದ್ವೀಪದಲ್ಲಿ. ಮಧ್ಯೆ ಸಮುದ್ರ, ಆಗ ಸೇತುವೆ ಇರಲಿಲ್ಲ. ಸುಮಾರು 80 ಜನ ಬಾಡಿಗೆ ಬಂಟರು ಬೆಳಗಿನ ಜಾವ ಕಡಲಿನಿಂದ ಮಾಲೆಗೆ ಇಳಿದರು. ಅವರು ಲಂಕೆಯ ತಮಿಳು ಗುಂಪುಗಳಲ್ಲೊಂದಾದ ಪ್ಲಾಟ್‌ನವರು, ಹಿಂದಿದ್ದ ತಲೆ ಅಬ್ದುಲ್ಲಾ ಲುತುಫಿ ಎಂಬ ಮಾಲ್ಡೀವ್ಸ್ ವ್ಯಾಪಾರಿಯದು. ಅವರು ಎರಡು ಕಡೆ ಎಡವಿದರು. ಅಧ್ಯಕ್ಷ ಗಯೂಮ್ ಕೈಗೆ ಸಿಗದೆ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಅಡಗಿದರು. ಹುಲುಲೆಯ ರನ್‌ವೇಯನ್ನು ದಂಗೆಕೋರರು ಹಿಡಿದಿಟ್ಟುಕೊಳ್ಳಲೇ ಇಲ್ಲ. ರನ್‌ವೇ ಮೇಲೆ ನಾಲ್ಕು ಲಾರಿ ಅಡ್ಡ ನಿಲ್ಲಿಸಿದ್ದರೂ ನಮ್ಮ ಲೆಕ್ಕವೆಲ್ಲ ಬುಡಮೇಲಾಗುತ್ತಿತ್ತು. ಕತ್ತಲಲ್ಲಿ ಪ್ಯಾರಾಚೂಟ್‌ನಲ್ಲಿ ಜಿಗಿಯಬೇಕು, ಎರಡೂ ಕಡೆ ಕಡಲು, ಗಾಳಿ ಸ್ವಲ್ಪ ತಿರುಗಿದರೂ ಸಾಮಾನಿನ ಭಾರ ಹೊತ್ತ ಸೈನಿಕ ನೀರಿಗೇ ಬೀಳುವುದು.

ಹೋದವರು ಆಗ್ರಾದ 50ನೇ ಪ್ಯಾರಾಚೂಟ್ ಬ್ರಿಗೇಡ್, ಬ್ರಿಗೇಡಿಯರ್ ಫಾರೂಖ್ ಬಲ್ಸಾರಾ ನೇತೃತ್ವ, ಮುಂಚೂಣಿಯಲ್ಲಿ 6 ಪ್ಯಾರಾ. ಎರಡು ಐಎಲ್-76 ವಿಮಾನ, ಆಗ್ರಾದಿಂದ ಎಲ್ಲೂ ನಿಲ್ಲದೆ 2,500 ಕಿ.ಮೀ. ಆಸುಪಾಸಿನ ಹಾರಾಟ. ಬೆಳಿಗ್ಗೆ ದೆಹಲಿಗೆ ಮೊರೆ ಬಂತು, ಅದೇ ರಾತ್ರಿ ಚಕ್ರ ಹುಲುಲೆಯ ನೆಲ ಮುಟ್ಟಿತು. ಮಾಲೆಯಲ್ಲಿರಬೇಕಿದ್ದ ನಮ್ಮ ಹೈಕಮಿಷನರ್ ಎ.ಕೆ. ಬ್ಯಾನರ್ಜಿ ಆ ದಿನ ದೆಹಲಿಯಲ್ಲೇ ಇದ್ದರು, ಅವರನ್ನೂ ವಿಮಾನಕ್ಕೆ ಹತ್ತಿಸಿಕೊಂಡರು. ಇದು ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಯಾವ ಬೀದಿಯಲ್ಲಿ ಯಾವ ಕಚೇರಿ, ಅಧ್ಯಕ್ಷರ ಕಡೆಯವರು ಯಾರು ಅಂತ ಬಾಯಲ್ಲಿ ಹೇಳಬಲ್ಲ ಒಬ್ಬ ಮನುಷ್ಯ ಹತ್ತು ನಕ್ಷೆಗೆ ಸಮ.

ರನ್‌ವೇ ಕೈವಶವಾದ ಮೇಲೆ ಅಲ್ಲಿ ಸಿಕ್ಕ ದೋಣಿಗಳನ್ನೇ ಹಿಡಿದುಕೊಂಡು ಮಾಲೆಗೆ ದಾಟಿದರು. ಬೆಳಗಾಗುವ ಮೊದಲೇ ಗಯೂಮ್ ಸುರಕ್ಷಿತ. ಬಂಟರಲ್ಲಿ ಒಂದಷ್ಟು ಜನ 'ಪ್ರೋಗ್ರೆಸ್ ಲೈಟ್' ಎಂಬ ಸರಕು ಹಡಗಿನಲ್ಲಿ ಒತ್ತೆಯಾಳುಗಳ ಜೊತೆ ಲಂಕೆಯ ಕಡೆ ಓಡಿದರು. ನೌಕಾಪಡೆಯ ಗೋದಾವರಿ ಮತ್ತು ಬೇತ್ವಾ ಬೆನ್ನಟ್ಟಿ ತಡೆದವು. ಅದೂ ಪೂರ್ತಿ ರಕ್ತರಹಿತವಲ್ಲ, ಒತ್ತೆಯಾಳುಗಳಲ್ಲಿಯೂ ಸತ್ತವರಿದ್ದಾರೆ.

ಈಗ ನೋಡಬೇಕಾದ್ದು ಕೆಲಸದ ವ್ಯಾಖ್ಯಾನವನ್ನು. 'ಅಧ್ಯಕ್ಷರನ್ನು ಹುಡುಕಿ, ಮಾಲೆಯನ್ನು ಬಿಡಿಸಿ, ಬಂಟರನ್ನು ಹಿಡಿಯಿರಿ.' ಒಂದೇ ಸಾಲು. ಮುಗಿಯಿತೋ ಇಲ್ಲವೋ ಅಂತ ಯಾರು ಬೇಕಾದರೂ ಹೇಳಬಹುದು. ಎದುರಾಳಿಗೆ ಅಲ್ಲಿನ ಜನರಲ್ಲಿ ಬೇರು ಇಲ್ಲ, ಬಂಟರು ಅಲ್ಲಿಯವರೇ ಅಲ್ಲ. ಕರೆದವರ ಆಡಳಿತ ಯಂತ್ರ ಹಾಗೇ ಇದೆ, ಬೆಳಿಗ್ಗೆ ಕುರ್ಚಿಗೆ ವಾಪಸ್ ಕೂತರೆ ಸಾಕು. ಬಹುತೇಕ ಸೈನ್ಯ ಬೇಗ ಹಿಂದಿರುಗಿತು, ಸುಮಾರು 150 ಜನ ಮಾತ್ರ ಒಂದು ವರ್ಷದ ಮಟ್ಟಿಗೆ ಉಳಿದರು.

---

ಮೋರಿಕಟ್ಟೆ

ಲಂಕೆಯದು ನನಗಿರಲಿ. ಸ್ವಲ್ಪ ಉದ್ದವಾಗುತ್ತದೆ.

ಮೊದಲು ಒಂದು ತಿದ್ದುಪಡಿ. ಕಥೆ 1987ರ ಜುಲೈನಲ್ಲಿ ಶುರುವಾಗುವುದಿಲ್ಲ. 1983ರಲ್ಲಿ ಲಂಕೆಯ ತಮಿಳರ ವಿರುದ್ಧ ನಡೆದ ಗಲಭೆಯ ನಂತರ ಅಲ್ಲಿನ ತಮಿಳು ಗುಂಪುಗಳಿಗೆ ನಮ್ಮ ಗುಪ್ತಚರ ಸಂಸ್ಥೆ ರಾ ತರಬೇತಿ ಕೊಟ್ಟಿತ್ತು. 1987ರ ಜೂನ್ 3ರಂದು ಲಂಕೆಯ ಉತ್ತರದ ತಮಿಳು ಪ್ರದೇಶ ಜಾಫ್ನಾಕ್ಕೆ ಪರಿಹಾರ ಸಾಮಗ್ರಿ ಹೊತ್ತ ದೋಣಿಗಳನ್ನು ಲಂಕಾ ನೌಕಾಪಡೆ ವಾಪಸ್ ಕಳಿಸಿತು. ಮರುದಿನವೇ ಐದು ಎಎನ್-32 ವಿಮಾನ ಬೆಂಗಳೂರಿನಿಂದ ಹಾರಿ, ಮಿರಾಜ್-2000 ಕಾವಲಿನಲ್ಲಿ, ಸುಮಾರು 25 ಟನ್ ಸಾಮಾನನ್ನು ಜಾಫ್ನಾದ ಮೇಲೆ ಇಳಿಬಿಟ್ಟವು. ಆ 25 ಟನ್ನಿನಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಅದು ಕೊಲಂಬೊಗೆ ಕೊಟ್ಟ ಸೂಚನೆ. ಎಂಟು ವಾರ ತುಂಬುವುದರೊಳಗೆ, ಜುಲೈ 29ರಂದು ಲಂಕಾ ಅಧ್ಯಕ್ಷ ಜಯವರ್ಧನೆ ಭಾರತದ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆಯ ಹೊತ್ತಿಗೆ ಲಂಕಾ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವ್ ಮೇಲೆ ಬೀಸಿದ. 'ಅಲ್ಲಿನವರೇ ಕರೆದರು' ಅನ್ನುವ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಒಪ್ಪಂದದ ಕಾಗದ ನೋಡಿ. ಸಹಿಯಾದ 48 ಗಂಟೆಯಲ್ಲಿ ಕದನವಿರಾಮ, ಅದಾದ 72 ಗಂಟೆಯಲ್ಲಿ ಉಗ್ರರು ಶಸ್ತ್ರ ಒಪ್ಪಿಸಬೇಕು. ಇದಕ್ಕೆಲ್ಲ ಭಾರತ ಜಾಮೀನು. ಆದರೆ ಸಹಿ ಎರಡೇ: ಭಾರತದ್ದು, ಲಂಕಾದ್ದು. ಬಂದೂಕು ಯಾರ ಕೈಯಲ್ಲಿತ್ತೋ ಆ ಎಲ್‌ಟಿಟಿಇ, ಅಂದರೆ ಪ್ರತ್ಯೇಕ ತಮಿಳು ದೇಶಕ್ಕೆ ಹೋರಾಡುತ್ತಿದ್ದ ಗುಂಪು, ಸಹಿ ಹಾಕಿಲ್ಲ. ಅದರ ನಾಯಕ ಪ್ರಭಾಕರನ್‌ನನ್ನು ದೆಹಲಿಯ ಅಶೋಕ ಹೋಟೆಲ್‌ನಲ್ಲಿ ಕಾವಲಿನಲ್ಲಿ ಕೂರಿಸಿ ಒಪ್ಪಿಸುವ ಯತ್ನ ನಡೆಯಿತು. ಅವನು ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ, ಅಷ್ಟೆ. ಸಾಲ ತೆಗೆದುಕೊಂಡವನು ಸಹಿ ಹಾಕದ ಪತ್ರಕ್ಕೆ ನಾವು ಜಾಮೀನು ನಿಂತೆವು. ಆಗಸ್ಟ್ 5ರಂದು ತೋರಿಕೆಗೆ ಒಂದಷ್ಟು ಶಸ್ತ್ರ ಒಪ್ಪಿಸಿದ್ದೂ ಆಯಿತು, ಉಳಿದದ್ದು ನೆಲದಡಿಗೆ ಹೋಯಿತು.

ಮೊದಲು ಇಳಿದ 54ನೇ ಡಿವಿಷನ್‌ಗೆ ಹೇಳಿದ್ದ ಕೆಲಸ ಶಾಂತಿ ಕಾಯುವುದು. ಆದ್ದರಿಂದ ಬೆಟಾಲಿಯನ್‌ಗಳು ಯುದ್ಧಕ್ಕೆ ಬೇಕಾದ ಪೂರ್ಣ ಬಲವಿಲ್ಲದೆ, ಭಾರೀ ಆಯುಧಗಳನ್ನು ಹಿಂದೆ ಬಿಟ್ಟು ಬಂದಿದ್ದವು. ಅಕ್ಟೋಬರ್ ಮೊದಲ ವಾರ ಎಲ್ಲ ತಲೆಕೆಳಗಾಯಿತು. ಲಂಕಾ ನೌಕಾಪಡೆ ಕಡಲಲ್ಲಿ 17 ಜನ ಎಲ್‌ಟಿಟಿಇಯವರನ್ನು ಹಿಡಿಯಿತು, ಕೊಲಂಬೊಗೆ ಒಯ್ಯುತ್ತೇವೆ ಅಂದಿತು, ಅವರು ಸಯನೈಡ್ ನುಂಗಿದರು, 12 ಜನ ಸತ್ತರು. ಅದಾಗಿ ಒಂದು ವಾರದೊಳಗೆ ಶಾಂತಿಪಾಲಕರೇ ಯುದ್ಧಕ್ಕಿಳಿದರು. ಅದು 'ಆಪರೇಷನ್ ಪವನ್'.

ಎಡವಟ್ಟು ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಲು ಒಂದು ರಾತ್ರಿ ಸಾಕು: ಅಕ್ಟೋಬರ್ 11-12, ಜಾಫ್ನಾ ವಿಶ್ವವಿದ್ಯಾಲಯ. ಎಲ್‌ಟಿಟಿಇ ನಾಯಕರು ಅಲ್ಲಿದ್ದಾರೆ ಅನ್ನುವ ಸುಳಿವು. 10 ಪ್ಯಾರಾ ಕಮಾಂಡೊಗಳು ಎಂಐ-8 ಹೆಲಿಕಾಪ್ಟರ್‌ನಲ್ಲಿ ಮೊದಲು ಇಳಿದು ಮೈದಾನ ಹಿಡಿಯುವುದು, ಹಿಂದೆ 13 ಸಿಖ್ ಲೈಟ್ ಇನ್‌ಫೆಂಟ್ರಿ ಸರತಿಯ ಮೇಲೆ ಬಂದು ಸೇರುವುದು ಎಂಬ ಯೋಜನೆ. ನಮ್ಮ ರೇಡಿಯೊ ಮಾತನ್ನು ಅವರು ಕದ್ದು ಕೇಳಿಸಿಕೊಂಡಿದ್ದರು. ಇಳಿಯುವ ಜಾಗದ ಸುತ್ತ ಮೆಷಿನ್‌ಗನ್ ಕಾದಿದ್ದವು. ಹೆಲಿಕಾಪ್ಟರ್‌ಗಳಿಗೆ ಗುಂಡು ಬಡಿದು ಹಾನಿಯಾಯಿತು, ಮುಂದಿನ ಸರತಿಗಳು ನಿಂತೇ ಹೋದವು. ಸಿಖ್ ಲೈಟ್ ಇನ್‌ಫೆಂಟ್ರಿಯಿಂದ ನೆಲ ಮುಟ್ಟಿದ್ದು 30 ಜನರ ಒಂದು ತುಕಡಿ ಮಾತ್ರ. 29 ಮಂದಿ ಸತ್ತರು, ಒಬ್ಬ ಸೆರೆಸಿಕ್ಕ. ಕಮಾಂಡೊಗಳು ಮನೆಗಳ ಮರೆ ಹಿಡಿದು ಮರುದಿನದವರೆಗೆ ಕಾದಾಡಿದರು. ಅವರನ್ನು ಬಿಡಿಸಲು ಹೋದ ಟಿ-72 ಟ್ಯಾಂಕ್‌ಗಳು ರಸ್ತೆ ಬಿಟ್ಟು ರೈಲು ಹಳಿಯ ಮೇಲೆ ಸಾಗಿದವು. ಯಾಕೆಂದರೆ ರಸ್ತೆಯ ಪ್ರತಿ ಮೋರಿಯ ಕೆಳಗೂ ಸ್ಫೋಟಕ ಇರಬಹುದಿತ್ತು.

ಆ ಮೋರಿಗಳೇ ಮುಂದಿನ ಎರಡೂವರೆ ವರ್ಷ ನಮ್ಮನ್ನು ಕೊಂದದ್ದು. ಡಬ್ಬ, ಪೀಪಾಯಿಗಳಲ್ಲಿ ಸ್ಫೋಟಕ ತುಂಬಿ ಹೂಳುವುದು, ತಂತಿ ದೂರದ ಪೊದೆಗೆ ಎಳೆಯುವುದು, ಮೊದಲ ಗಾಡಿ ದಾಟಲು ಬಿಟ್ಟು ಹಿಂದಿನದಕ್ಕೆ ಒತ್ತುವುದು. ನಮ್ಮವರ ಕೈಯಲ್ಲಿ ಉದ್ದನೆಯ ಎಸ್‌ಎಲ್‌ಆರ್ ಬಂದೂಕು, ಅವರ ಕೈಯಲ್ಲಿ ಎಕೆ-47. ನಕ್ಷೆಗಳು ಹಳತು. ಭಾಷೆ ಬರುವವರು ಕಡಿಮೆ, ಹಾಗಾಗಿ ಹಳ್ಳಿಯಲ್ಲಿ ಯಾರು ಯಾರ ಕಡೆ ಅನ್ನುವುದು ತಿಳಿಯದು. ತಿಳಿಯದಿದ್ದಾಗ ಸೈನಿಕ ಎಲ್ಲರನ್ನೂ ಅನುಮಾನಿಸುತ್ತಾನೆ. ಅಕ್ಟೋಬರ್ 21-22ರಂದು ಜಾಫ್ನಾ ಆಸ್ಪತ್ರೆಯಲ್ಲಿ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ನಮ್ಮ ಪಡೆಯ ಗುಂಡಿಗೆ ಸತ್ತರು. ಆಗಸ್ಟ್‌ನಲ್ಲಿ ಹೂಮಾಲೆ ಹಾಕಿದ ಊರು ಅದು. ಇದನ್ನು ಬಿಟ್ಟು ಐಪಿಕೆಎಫ್ ಬಗ್ಗೆ ಬರೆಯುವ ಯಾವ ಲೇಖನವೂ ನನ್ನ ಪ್ರಕಾರ ಪ್ರಾಮಾಣಿಕವಲ್ಲ.

ಯಾರು ಯಾರಿಗೆ ಆದೇಶ ಕೊಡುವುದು ಎಂಬ ಗೊಂದಲ ಬೇರೆ. ಪಡೆಯ ಮುಖ್ಯ ಕಚೇರಿ ಮದ್ರಾಸಿನಲ್ಲಿ, ಹೈಕಮಿಷನರ್ ಜೆ.ಎನ್. ದೀಕ್ಷಿತ್ ಕೊಲಂಬೊದಲ್ಲಿ, ಸೇನಾ ಮುಖ್ಯಸ್ಥ ಸುಂದರ್‌ಜಿ ದೆಹಲಿಯಲ್ಲಿ, ರಾ ತನ್ನದೇ ದಾರಿಯಲ್ಲಿ. ನಿನ್ನೆಯವರೆಗೆ ಎಲ್‌ಟಿಟಿಇಯನ್ನು ಸಾಕಿದವರೇ ಇಂದು ಅದರ ಬಲವೆಷ್ಟು ಅಂತ ಸೈನ್ಯಕ್ಕೆ ವರದಿ ಕೊಡಬೇಕು. ವರದಿ ಹೇಗಿರುತ್ತದೆ?

ಕೊನೆಗೆ ನಾಲ್ಕು ಡಿವಿಷನ್ ಬೇಕಾಯಿತು: 54 ಜಾಫ್ನಾಕ್ಕೆ, 36 ಟ್ರಿಂಕೊಮಲಿಗೆ, 57 ಬಟ್ಟಿಕಲೋವಾಕ್ಕೆ, 4 ಮೌಂಟನ್ ವನ್ನಿ ಕಾಡಿಗೆ. ಪಟ್ಟಣಗಳನ್ನೆಲ್ಲ ಹಿಡಿದರು, ಸುಳ್ಳಲ್ಲ. 1988ರ ಕೊನೆಗೆ ಚುನಾವಣೆಯೂ ಆಗಿ ವರದರಾಜ ಪೆರುಮಾಳ್ ಈಶಾನ್ಯ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಆದರೆ ಆ ಸರ್ಕಾರ ನಿಂತದ್ದು ನಮ್ಮ ಬಂದೂಕಿನ ಮೇಲೆ. ನಾವು ಎದ್ದ ಕೂಡಲೇ ಅದು ಬಿತ್ತು.

---

ವಾದಿಪ್ರತಿವಾದಿ

ಕಾನೂನಿನ ಕಡೆಯಿಂದ ಒಂದು ಮಾತು. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಬಲಪ್ರಯೋಗ ಕೂಡದು ಅನ್ನುತ್ತದೆ. ಬಾಗಿಲು ಮೂರೇ: 51ನೇ ವಿಧಿಯ ಸ್ವರಕ್ಷಣೆ, ಏಳನೇ ಅಧ್ಯಾಯದಡಿ ಭದ್ರತಾ ಮಂಡಳಿಯ ಅನುಮತಿ, ಇಲ್ಲವೇ ಅಲ್ಲಿನ ಸರ್ಕಾರದ ಆಹ್ವಾನ. ನೀವು ಕೊಟ್ಟ ಎರಡೂ ಪ್ರಕರಣ ಮೂರನೆಯ ಬಾಗಿಲಿನವು. ಹಾಗಾಗಿ ಕಾನೂನು ಇವೆರಡನ್ನು ಬೇರೆ ಮಾಡುವುದಿಲ್ಲ.

ಆದರೆ ಆಹ್ವಾನದ ಬಾಗಿಲಿಗೆ ಒಳಗಿನಿಂದ ಚಿಲಕ ಇದೆ ಅನ್ನುವುದು ಜನರಿಗೆ ಹೊಳೆಯುವುದಿಲ್ಲ. ಜಯವರ್ಧನೆ ಕರೆದರು. 1989ರ ಜನವರಿಯಲ್ಲಿ ಪ್ರೇಮದಾಸ ಅಧ್ಯಕ್ಷರಾದರು. ಜುಲೈ 29ರೊಳಗೆ, ಅಂದರೆ ಒಪ್ಪಂದಕ್ಕೆ ಎರಡು ವರ್ಷ ತುಂಬುವ ದಿನಕ್ಕೆ, ಹೊರಡಿ ಅಂದರು. ಅಲ್ಲಿಂದಾಚೆ ಇದ್ದ ಒಂದೊಂದು ದಿನಕ್ಕೂ ನಮ್ಮ ಕಾಲ ಕೆಳಗಿನ ಕಾನೂನು ಜಾರುತ್ತಿತ್ತು. ಅಷ್ಟೇ ಅಲ್ಲ, ಪ್ರೇಮದಾಸ ಸರ್ಕಾರ ನಮ್ಮ ವಿರುದ್ಧ ಕಾದುತ್ತಿದ್ದ ಎಲ್‌ಟಿಟಿಇಗೇ ಶಸ್ತ್ರ ಕೊಟ್ಟಿತು. ಕರೆದ ಮನೆಯವನೇ ಎದುರಾಳಿಗೆ ದೊಣ್ಣೆ ಕೊಡುವ ಸ್ಥಿತಿ. ಅದೇ ಪ್ರೇಮದಾಸರನ್ನು 1993ರ ಮೇ 1ರಂದು ಎಲ್‌ಟಿಟಿಇ ಆತ್ಮಾಹುತಿ ಬಾಂಬ್ ಕೊಂದಿತು, ಆ ಮಾತು ಬೇರೆ.

ಹೋಗುವ ಮುಂಚೆ ಕೇಳಬೇಕಾದದ್ದು 'ಅಧ್ಯಕ್ಷರು ಕರೆದಿದ್ದಾರೆಯೇ' ಅಂತಲ್ಲ, 'ಅಲ್ಲಿ ಚುನಾವಣೆ ಯಾವಾಗ, ವಿರೋಧ ಪಕ್ಷದ ನಿಲುವೇನು' ಅಂತ. ಪ್ರೇಮದಾಸ ವಿರೋಧ ಪಕ್ಷದವರೂ ಅಲ್ಲ, ಜಯವರ್ಧನೆಯವರ ಪ್ರಧಾನಿ. ಒಪ್ಪಂದ ಅವರಿಗೆ ಹಿಡಿಸಿಲ್ಲ ಅನ್ನುವುದು ಸಹಿಯ ದಿನವೇ ಗುಟ್ಟಾಗಿರಲಿಲ್ಲ.

---

ಪದ್ಮಾತೀರ

ಕಡತಪ್ರಿಯ ಅವರೇ, 1971 ಬೇಡ ಅಂದಿರಿ, ಕ್ಷಮಿಸಿ, ಬೇಕೇ ಬೇಕು. ಐಪಿಕೆಎಫ್ ಯಾಕೆ ಸೋತಿತು ಅನ್ನುವುದು 1971ರ ಪಕ್ಕ ಇಟ್ಟರೆ ಮಾತ್ರ ಕಾಣುತ್ತದೆ.

ಎರಡರಲ್ಲೂ ನಾವು ಮೊದಲು ಗೆರಿಲ್ಲಾಗಳನ್ನು ತಯಾರು ಮಾಡಿದೆವು. ಪೂರ್ವ ಪಾಕಿಸ್ತಾನದ ಬಂಗಾಳಿ ಹೋರಾಟಗಾರರಾದ ಮುಕ್ತಿವಾಹಿನಿಗೆ ಬೇಕಿದ್ದದ್ದು ಸ್ವತಂತ್ರ ಬಾಂಗ್ಲಾ, ಭಾರತ ಒಪ್ಪಿದ್ದೂ ಅದನ್ನೇ. ಎಲ್‌ಟಿಟಿಇಗೆ ಬೇಕಿದ್ದದ್ದು ಪ್ರತ್ಯೇಕ ಈಳಂ, ಭಾರತಕ್ಕೆ ಬೇಕಿದ್ದದ್ದು ಒಡೆಯದ ಲಂಕೆಯೊಳಗೆ ತಮಿಳರಿಗೆ ಅಧಿಕಾರ. ನೀವು ಶಸ್ತ್ರ ಕೊಟ್ಟವನ ಗುರಿಯೂ ನಿಮ್ಮ ಗುರಿಯೂ ಬೇರೆಯಾಗಿದ್ದರೆ ಒಂದಲ್ಲ ಒಂದು ದಿನ ಅದೇ ಶಸ್ತ್ರ ನಿಮ್ಮ ಕಡೆ ತಿರುಗುತ್ತದೆ. ಇದನ್ನು 1983ರಲ್ಲೇ ಲೆಕ್ಕ ಹಾಕಬಹುದಿತ್ತು.

ಇನ್ನು ತಯಾರಿ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಹತ್ಯೆ ಶುರುವಾಯಿತು, ಒಂದು ಕೋಟಿಯಷ್ಟು ನಿರಾಶ್ರಿತರು ಗಡಿ ದಾಟಿದರು. ಆದರೂ ಏಪ್ರಿಲ್‌ನಲ್ಲಿ ನುಗ್ಗಲಿಲ್ಲ. ಆಗಿನ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಆಮೇಲೆ ತಾವೇ ಹೇಳಿಕೊಂಡಂತೆ ಅಡ್ಡಿಗಳು ಎಲ್ಲರಿಗೂ ಕಾಣುವಂಥವೇ: ಮಳೆ ಬಂದರೆ ಬಂಗಾಳದ ನದಿಗಳು ಕಡಲಾಗುತ್ತವೆ, ಹಿಮಾಲಯದ ಕಣಿವೆದಾರಿ ತೆರೆದಿರುವಾಗ ಚೀನಾ ಬರಬಹುದು, ಸೈನ್ಯ ಅಲ್ಲಲ್ಲಿ ಚದುರಿದೆ. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯಗಳನ್ನು ತಡೆದದ್ದು ಆ ದೇಶದ ವೀಟೊ. ಮಹಾಸಭೆಯಲ್ಲಂತೂ 104 ಮತ ಕದನವಿರಾಮದ ಪರ, 11 ವಿರುದ್ಧ. ಪ್ರಪಂಚ ನಮ್ಮ ಜೊತೆಗಿತ್ತು ಅಂದುಕೊಳ್ಳುವವರು ಆ ಸಂಖ್ಯೆ ನೆನಪಿಡಲಿ. ಡಿಸೆಂಬರ್ 3ರಂದು ಪಾಕಿಸ್ತಾನವೇ ಪಶ್ಚಿಮದ ವಾಯುನೆಲೆಗಳ ಮೇಲೆ ದಾಳಿ ಮಾಡಿ ನಮಗೆ 51ನೇ ವಿಧಿಯ ನೆಪ ಒದಗಿಸಿತು. 13 ದಿನ, ಸುಮಾರು 93,000 ಸೆರೆಯಾಳು.

ಆದರೆ ನಾನು ಹೇಳಹೊರಟದ್ದು ಗೆಲುವಿನ ಬಗ್ಗೆ ಅಲ್ಲ, ಹೊರಟ ಬಗ್ಗೆ. ಮುಜೀಬ್‌ನಗರದಲ್ಲಿ ಏಪ್ರಿಲ್ 17ಕ್ಕೇ ಪ್ರಮಾಣವಚನ ಸ್ವೀಕರಿಸಿದ್ದ ಬಾಂಗ್ಲಾ ಸರ್ಕಾರ ಕಾದು ಕೂತಿತ್ತು. ಜನ ಮತ ಹಾಕಿ ಗೆಲ್ಲಿಸಿದ್ದವರು ಅವರು. ಬೀಗದ ಕೈ ಕೊಟ್ಟು 1972ರ ಮಾರ್ಚ್ 12ಕ್ಕೆ ಕೊನೆಯ ಕವಾಯತು ಮಾಡಿ ಸೈನ್ಯ ಹೊರಟಿತು. ಮೂರು ತಿಂಗಳೂ ತುಂಬಿರಲಿಲ್ಲ. ಮೋರಿಕಟ್ಟೆ ಹೇಳಿದ ಪೆರುಮಾಳ್ ಸರ್ಕಾರದ ಜೊತೆ ಹೋಲಿಸಿ. ಒಬ್ಬರಿಗೆ ಜನ ಕೊಟ್ಟ ಅಧಿಕಾರಕ್ಕೆ ನಾವು ದಾರಿ ಬಿಡಿಸಿದೆವು, ಇನ್ನೊಬ್ಬರಿಗೆ ಅಧಿಕಾರವನ್ನೇ ನಾವು ಕೊಟ್ಟೆವು.

---

ಕಡತಪ್ರಿಯ

ಒಪ್ಪಿದೆ, 1971 ಬೇಡ ಅಂದದ್ದು ನನ್ನ ತಪ್ಪು. ಆದರೆ ಇದನ್ನೆಲ್ಲ ಓದಿದರೆ 'ಕೈ ಹಾಕದಿರುವುದೇ ಕ್ಷೇಮ' ಅನ್ನಿಸುತ್ತಿದೆ. ಹಾಗಂತೀರಾ?

---

ಹತ್ತನೇಕಂಬ

ಹಾಗಂದರೆ ರುವಾಂಡಾ ನೆನಪಿಸುತ್ತೇನೆ. 1994ರ ಏಪ್ರಿಲ್‌ನಲ್ಲಿ ಅಲ್ಲಿ ವಿಶ್ವಸಂಸ್ಥೆಯ ಸುಮಾರು 2,500 ಸೈನಿಕರಿದ್ದರು. ಏಪ್ರಿಲ್ 7ರಂದು 10 ಬೆಲ್ಜಿಯಂ ಸೈನಿಕರನ್ನು ಕೊಂದರು. ಬೆಲ್ಜಿಯಂ ತನ್ನವರನ್ನು ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಟುಟ್ಸಿ ಜನಾಂಗದವರ ಹತ್ಯಾಕಾಂಡದ ನೂರು ದಿನದಲ್ಲಿ ಸತ್ತವರು ಎಂಟು ಲಕ್ಷದ ಆಸುಪಾಸು. ಕೊಂದದ್ದು ಬಹುಪಾಲು ಮಚ್ಚು, ದೊಣ್ಣೆಗಳಿಂದ, ರಸ್ತೆಗೆ ಅಡ್ಡಗಟ್ಟೆ ಹಾಕಿ ಗುರುತಿನ ಚೀಟಿ ನೋಡಿ. ಅಂಥ ಅಡ್ಡಗಟ್ಟೆ ತೆರವು ಮಾಡಲು ಟ್ಯಾಂಕ್ ಡಿವಿಷನ್ ಬೇಕಿರಲಿಲ್ಲ. ಕೈ ಹಾಕದಿರುವುದೂ ಒಂದು ನಿರ್ಧಾರವೇ, ಅದರ ಬಿಲ್ಲು ಬೇರೆಯವರ ಹೆಸರಿಗೆ ಹೋಗುತ್ತದೆ ಅಷ್ಟೆ.

ಇದಕ್ಕೆ ಉಲ್ಟಾ ಲಿಬಿಯಾ. 2011ರ ಮಾರ್ಚ್ 17ರ 1973ನೇ ನಿರ್ಣಯದಲ್ಲಿ ಇದ್ದದ್ದು ನಾಗರಿಕರ ರಕ್ಷಣೆ, ವಿದೇಶಿ ಪಡೆ ನೆಲ ಆಕ್ರಮಿಸಕೂಡದು ಎಂಬ ಷರತ್ತು. ಹತ್ತು ಮತ ಪರ, ಐದು ತಟಸ್ಥ. ಭಾರತ ತಟಸ್ಥರಲ್ಲಿ. ಬೆಂಗಾಜಿ ಉಳಿಯಿತು. ಆದರೆ ನೇಟೊ ವಿಮಾನ ದಾಳಿ ಅಲ್ಲಿಗೆ ನಿಲ್ಲದೆ ಗಡಾಫಿ ಸಾಯುವವರೆಗೆ, ಅಕ್ಟೋಬರ್ 20ರವರೆಗೆ ಸಾಗಿತು. ಆಮೇಲೆ ಬೀದಿಯಲ್ಲಿ ಪೊಲೀಸರೂ ಇಲ್ಲ, ಶಸ್ತ್ರಾಗಾರಕ್ಕೆ ಕಾವಲೂ ಇಲ್ಲ. ಮೊದಲ ವಾರದ ಕೆಲಸಕ್ಕೆ ಸಿಕ್ಕ ಅನುಮತಿಯಲ್ಲಿ ಏಳು ತಿಂಗಳ ಕೆಲಸ ಮಾಡಿದರು.

---

ಕೊಡವತಕ್ಕ್

'ಹೋಗುವುದು' ಅಂದರೆ ಬಂದೂಕು ಹಿಡಿದು ಒಂದು ಕಡೆ ಸೇರುವುದು ಮಾತ್ರ ಅಲ್ಲ. ಮಡಿಕೇರಿಯ ತಿಮ್ಮಯ್ಯನವರ ಕೊರಿಯಾ ಕೆಲಸ ನೋಡಿ. 1953ರ ಕದನವಿರಾಮದ ನಂತರ ಊರಿಗೆ ವಾಪಸ್ ಹೋಗಲೊಲ್ಲದ ಯುದ್ಧಕೈದಿಗಳನ್ನು ಏನು ಮಾಡುವುದು ಎಂಬ ಕಗ್ಗಂಟು. ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು, ಕಾವಲು ಪಡೆ ಪೂರ್ತಿ ಭಾರತದ್ದು, ಮೇಜರ್ ಜನರಲ್ ಥೋರಾಟ್ ಕೈಕೆಳಗೆ. ದಕ್ಷಿಣ ಕೊರಿಯಾದ ಸಿಂಗ್ಮನ್ ರೀ ಭಾರತೀಯರು ತನ್ನ ನೆಲ ಮೆಟ್ಟಕೂಡದು ಅಂದುಬಿಟ್ಟ. ಹಾಗಾಗಿ ಸೈನಿಕರನ್ನು ಹಡಗಿನಿಂದ ನೇರ ಹೆಲಿಕಾಪ್ಟರ್‌ಗಳಲ್ಲಿ ನಿಶ್ಶಸ್ತ್ರ ವಲಯಕ್ಕೆ ಸಾಗಿಸಬೇಕಾಯಿತು.

ಅಲ್ಲಿ 22 ಸಾವಿರಕ್ಕೂ ಹೆಚ್ಚು ಕೈದಿಗಳು, ಶಿಬಿರದೊಳಗೇ ಅವರ ಗುಂಪು, ಅವರ ನಾಯಕರು. ಬಲವಂತದಿಂದ ಯಾರನ್ನೂ ಯಾವ ಕಡೆಗೂ ದೂಡಬಾರದು ಅನ್ನುವುದು ನಿಯಮ. 90 ದಿನ ಎರಡೂ ಕಡೆಯವರು ಕೈದಿಗಳಿಗೆ ವಿವರಣೆ ಕೊಡಬಹುದು, ಆಮೇಲೆ 30 ದಿನ ರಾಜಕೀಯ ಮಾತುಕತೆಗೆ. ಮಾತುಕತೆ ಮುರಿದುಬಿತ್ತು. 1954ರ ಜನವರಿಯಲ್ಲಿ ಅವಧಿ ಮುಗಿಯುತ್ತ ಬಂದಾಗ ಕೈದಿಗಳನ್ನು ಹಿಂದೆ ಯಾರ ವಶದಲ್ಲಿದ್ದರೋ ಅವರಿಗೇ ಒಪ್ಪಿಸಿ ಭಾರತ ಹೊರಟಿತು. ಎರಡೂ ಕಡೆಯವರು ಬೈದರು. ಆದರೆ ಹೊರಡುವ ತಾರೀಕು ಕಾಗದದಲ್ಲೇ ಇತ್ತು. ತಿಮ್ಮಯ್ಯ ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

'ಇಲ್ಲ' ಅಂದದ್ದಕ್ಕೂ ಒಂದು ಉದಾಹರಣೆ. 2003ರಲ್ಲಿ ಇರಾಕ್‌ಗೆ ಒಂದು ಡಿವಿಷನ್, ಸುಮಾರು 17,000 ಜನರನ್ನು, ಕಳಿಸಿ ಅಂತ ಅಮೆರಿಕ ಕೇಳಿತು. ದೆಹಲಿಯಲ್ಲಿ ಪರವಾದ ದನಿ ಕಡಿಮೆಯೇನೂ ಇರಲಿಲ್ಲ. ವಾಜಪೇಯಿ ಸರ್ಕಾರ ಜುಲೈ 14ರಂದು ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಅಂದಿತು. ಮುಂದಿನ ವರ್ಷ ಫಲ್ಲೂಜಾ, ನಜಫ್‌ಗಳಲ್ಲಿ ಆದದ್ದು ನೋಡಿದರೆ ಆ ಕಾಗದದ ಬೆಲೆ ತಿಳಿಯುತ್ತದೆ.

---

ಮೋರಿಕಟ್ಟೆ

ಕಡತಪ್ರಿಯ ಅವರ ಮೊದಲ ಪ್ರಶ್ನೆಗೆ ವಾಪಸ್ ಬರುತ್ತೇನೆ: ಹೋಗುವ ಮುಂಚೆಯೇ ಗುರುತಿಸಬಹುದೇ? ಬಹುಮಟ್ಟಿಗೆ ಬಹುದು.

ನಾನಾದರೆ ಮೊದಲು ನೋಡುವುದು ಸಹಿಗಳನ್ನು. ಬಂದೂಕು ಹಿಡಿದ ಪ್ರತಿಯೊಬ್ಬನೂ ಸಹಿ ಹಾಕಿದ್ದರೆ ಹೋಗುವವರು ಕಾವಲುಗಾರರು. ಒಬ್ಬ ಹಾಕಿಲ್ಲದಿದ್ದರೂ ಅವನ ಜೊತೆ ಯುದ್ಧ ಖಚಿತ ಅಂದುಕೊಂಡೇ ಪಡೆ ಕಟ್ಟಬೇಕು, ಫಿರಂಗಿ, ಟ್ಯಾಂಕು, ಪೂರ್ಣ ಬಲದ ಬೆಟಾಲಿಯನ್ ಸಮೇತ. ಅಷ್ಟು ಕಳಿಸಲು ಮನಸ್ಸಿಲ್ಲದಿದ್ದರೆ ಹೋಗಬಾರದು. ಕಾವಲಿಗೆ ಅಂತ ಕಳಿಸಿ ಯುದ್ಧ ಮಾಡಿಸುವುದು ಅತಿ ದುಬಾರಿ ದಾರಿ. ಜಾಫ್ನಾದ ಮೊದಲ ಎರಡು ವಾರದ ಸಾವುಗಳಲ್ಲಿ ಹೆಚ್ಚಿನವು ಅದರ ಕೊಡುಗೆ.

ಎರಡನೆಯದು ಆದೇಶದ ಸಾಲು. 'ಶಾಂತಿ ನೆಲೆಸುವವರೆಗೆ' ಅಂತ ಬರೆದಿದ್ದರೆ ಅದಕ್ಕೆ ಕೊನೆಯಿಲ್ಲ. 'ಮಾಲೆಯನ್ನು ಬಿಡಿಸಿ' ಅಂದರೆ ಇದೆ. ಮೂರನೆಯದು ನಾವು ಹೊರಟಾಗ ಅಧಿಕಾರ ಯಾರ ಕೈಗೆ ಹೋಗುತ್ತದೆ ಅನ್ನುವುದು, ನಾವು ಬಿಟ್ಟಮೇಲೆ ಅವನು ಒಂದು ವಾರವಾದರೂ ನಿಲ್ಲುತ್ತಾನಾ? ಅನುಮಾನ ಬಂದರೆ ಅಲ್ಲಿಗೇ ಬಿಡುವುದು ಮೇಲು. ಭಾಷೆ ಬಲ್ಲವರ ಸಂಖ್ಯೆ, ನಕ್ಷೆಯ ಇಸವಿ, ಮೋರಿಗಳ ಎಣಿಕೆ ಇವೆಲ್ಲ ಆಮೇಲಿನವು. ಆದರೆ ಈ ಸಣ್ಣವನ್ನು ಯಾರೂ ಕೇಳಿಲ್ಲ ಅಂದರೆ ದೊಡ್ಡವನ್ನೂ ಕೇಳಿಲ್ಲ ಅಂತಲೇ ಲೆಕ್ಕ.

---

ನಕ್ಷೆಪೆಟ್ಟಿಗೆ

ಮೋರಿಕಟ್ಟೆ, ಪಟ್ಟಿಗೆ ಇನ್ನೊಂದು ಸೇರಿಸಿ: ನಿಮ್ಮ ಸ್ವಂತ ಮನೆಯೊಳಗಿನವರು. ಮಾಲ್ಡೀವ್ಸ್ ವಿಷಯದಲ್ಲಿ ನಮ್ಮ ಯಾವ ರಾಜ್ಯದಲ್ಲೂ ಎರಡು ಅಭಿಪ್ರಾಯ ಇರಲಿಲ್ಲ. ಲಂಕೆಯದು ಪಾಕ್ ಜಲಸಂಧಿಯ ಈಚೆಗೂ ಹರಡಿದ ಜಗಳ. ಸೈನಿಕರು ಕಾದುತ್ತಿದ್ದ ಗುಂಪಿನ ಗಾಯಾಳುಗಳಿಗೆ ತಮಿಳುನಾಡಿನಲ್ಲಿ ಚಿಕಿತ್ಸೆ ಸಿಗುತ್ತಿತ್ತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇಯಿಂದ ರಾಜೀವ್ ಹತ್ಯೆಯಾಯಿತು. ಸಂಚಿನ ಶಿವರಾಸನ್ ಮತ್ತು ಸಂಗಡಿಗರು ಅಡಗಿದ್ದದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ. ಆಗಸ್ಟ್ 20ರ ಬೆಳಿಗ್ಗೆ ಪೊಲೀಸರು ಒಳನುಗ್ಗಿದಾಗ ಏಳೂ ಜನ ಹೆಣವಾಗಿದ್ದರು.

1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೊಮಲಿಯಿಂದ ಹಡಗು ಹತ್ತಿತು. ಮದ್ರಾಸಿಗೆ ಬಂದಿಳಿದ ಪಡೆಯ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಸತ್ತವರ ಹೆಸರು ಕೆತ್ತಿದ ಸ್ಮಾರಕವೊಂದು ಕೊಲಂಬೊ ಪಕ್ಕದ ಕೋಟ್ಟೆಯಲ್ಲಿದೆ. ಅದನ್ನು ಕಟ್ಟಿಸಿದ್ದು ಶ್ರೀಲಂಕಾ.